ಜ್ಞಾನಿಗೆ ದುಃಖವುಂಟೆ?

ಜ್ಞಾನಿಯಾದವನು ದುಃಖಪಡಬಹುದೇ ಎಂಬ ಪ್ರಶ್ನೆಯನ್ನು ಪ್ರಾಚೀನ ಗ್ರೀಕರಲ್ಲಿ ಅತ್ಯಂತ ನಿಷ್ಠುರವಾಗಿ ಎತ್ತಿಕೊಂಡವರು ಸ್ತೋಯಿಕರು. ಅದಕ್ಕೆ ಅವರು ಕೊಟ್ಟ ಉತ್ತರವೂ ಅಷ್ಟೇ ನಿಷ್ಠುರವಾದದ್ದು. ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸ್ ನಗರದ ಚಿತ್ರಮಂಟಪದಲ್ಲಿ ಜೀನೋ ಎಂಬ ಆಚಾರ್ಯನು ಉಪದೇಶಕ್ಕೆ ತೊಡಗಿದಂದು ಮೊದಲಾದ ಈ ದರ್ಶನವು, ಅವನ ಪ್ರಶಿಷ್ಯನಾದ ಕ್ರಿಸಿಪ್ಪನ ಕೈಯಲ್ಲಿ ಶಾಸ್ತ್ರದ ಬಿಗುಪನ್ನು ಪಡೆದು, ಮನುಷ್ಯನ ಚಿತ್ತವಿಕಾರಗಳನ್ನೆಲ್ಲ ಕಾಮ, ಭಯ, ಭೋಗಹರ್ಷ, ದುಃಖ ಎಂಬ ನಾಲ್ಕು ಕುಲಗಳಾಗಿ ವಿಂಗಡಿಸಿತು. ಈ ಕಡೆಯದಕ್ಕೆ ಅವರ ಭಾಷೆಯಲ್ಲಿ ಲೂಪೆ ಎಂದು ಹೆಸರು. ಕೇಡೊಂದು ಬಂದು ಎದುರಿಗೆ ನಿಂತಿದೆಯೆಂಬ, ಇನ್ನೂ ಹಸಿಯಾಗಿರುವ ಅಭಿಪ್ರಾಯ, ಆ ಅಭಿಪ್ರಾಯದ ದೆಸೆಯಿಂದ ಆತ್ಮವು ವಿವೇಕವನ್ನು ಮೀರಿ ಒಳಕ್ಕೆ ಮುದುಡಿಕೊಳ್ಳುವ ಕ್ರಿಯೆ: ಇದು ಅವರು ಲೂಪೆಗೆ ಮಾಡಿದ ಲಕ್ಷಣ. ಮೊದಲ ಮೂರು ವಿಕಾರಗಳಿಗೆ ಪ್ರತಿಯಾಗಿ ಜ್ಞಾನಿಯಲ್ಲಿ ಒಂದೊಂದು ಶುದ್ಧಭಾವವುಂಟೆಂದು ಅವರು ಒಪ್ಪಿದರು. ಕಾಮದ ಎಡೆಯಲ್ಲಿ ಅವನಿಗೆ ವಿವೇಕದ ಇಚ್ಛೆಯಿರುತ್ತದೆ, ಭಯದ ಎಡೆಯಲ್ಲಿ ಎಚ್ಚರಿಕೆ, ಭೋಗಹರ್ಷದ ಎಡೆಯಲ್ಲಿ ಪ್ರಸನ್ನತೆ. ದುಃಖದ ಎಡೆ ಮಾತ್ರ ಬರಿದು. ಒಳ್ಳೆಯ ದುಃಖವೆಂಬುದು ಅವರ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಅಷ್ಟೇ ಅಲ್ಲ, ಮತ್ಸರವು ಲೂಪೆಯ ಒಂದು ಪ್ರಭೇದವಾದಂತೆ ಕರುಣೆಯೂ ಅದರದೇ ಒಂದು ಪ್ರಭೇದವೆಂದು ಎಣಿಸಿ, ಪರರ ಸಂಕಟಕ್ಕೆ ಮರುಗುವ ಮನಸ್ಸನ್ನೂ ಅವರು ರೋಗಿಗಳ ಪಟ್ಟಿಗೆ ಸೇರಿಸಿಬಿಟ್ಟರು.

ಇದನ್ನು ಓದುವ ಕನ್ನಡಿಗನಿಗೆ ಗೀತೆಯ ಸ್ಥಿತಪ್ರಜ್ಞನು ನೆನಪಾಗುವುದು ಸಹಜ. ಆದರೆ ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಏಕೆಂದರೆ ಗೀತೆಯ ಪ್ರಥಮಾಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದು ಹೆಸರಿಟ್ಟ ಸಂಪ್ರದಾಯವು ವಿಷಾದವನ್ನೂ ಯೋಗದ ಹೊಸ್ತಿಲಾಗಿ ಕಂಡಿತು, ಸ್ತೋಯಿಕನಾದರೋ ಅಂಥ ಹೆಸರನ್ನು ಕೇಳಿ ಕಿವಿ ಮುಚ್ಚಿಕೊಳ್ಳುತ್ತಿದ್ದನು. ಮತ್ತೊಂದನ್ನೂ ಇಲ್ಲಿ ಹೇಳಬೇಕು. ಬಿ.ಎಂ. ಶ್ರೀಯವರ ‘ಅಶ್ವತ್ಥಾಮನ್’, ‘ಪಾರಸಿಕರು’ ನಾಟಕಗಳ ಮೂಲಕ ನಮ್ಮವರು ಪರಿಚಯಮಾಡಿಕೊಂಡ ಗ್ರೀಕರು, ರಂಗದ ಮೇಲೆ ಮೇಳ ಕಟ್ಟಿಕೊಂಡು ಎದೆ ಬಡಿದುಕೊಂಡು ಗೋಳಿಡುವ ಗ್ರೀಕರು. ಆ ಗೋಳನ್ನು ಕೇಳಿ ಬೆಳೆದ ನಗರದಲ್ಲಿಯೇ ದುಃಖವೆಂಬುದು ಬರಿಯ ತಪ್ಪೆಣಿಕೆಯೆನ್ನುವ ದರ್ಶನವೂ ಹುಟ್ಟಿತೆಂಬುದನ್ನು ಮರೆತರೆ, ಆ ದರ್ಶನವು ಯಾವುದರ ವಿರುದ್ಧ ಅಷ್ಟು ಎತ್ತರದ ಗೋಡೆಯನ್ನು ಕಟ್ಟಿಕೊಂಡಿತೆಂಬುದು ತಿಳಿಯುವುದಿಲ್ಲ.

ಗೋಡೆಯಲ್ಲಿ ಒಂದು ಬಿರುಕಿತ್ತು. ಅದನ್ನು ಎತ್ತಿ ತೋರಿಸಿದವನು ರೋಮಿನ ಕಿಕೆರೊ. ಕ್ರಿ.ಪೂ. 45ರಲ್ಲಿ ಅಚ್ಚುಮೆಚ್ಚಿನ ಮಗಳು ತುಲ್ಲಿಯಾಳನ್ನು ಕಳೆದುಕೊಂಡು, ಅದೇ ವರ್ಷ ದುಃಖಪರಿಹಾರವನ್ನು ಕುರಿತು ಗ್ರಂಥ ರಚಿಸಲು ಕುಳಿತ ತಂದೆಯಾದುದರಿಂದ, ಈ ವಿಷಯದಲ್ಲಿ ಅವನ ಮಾತಿಗೆ ಒಂದು ತೂಕವುಂಟು. ಅವನು ಎತ್ತಿಕೊಂಡ ದೃಷ್ಟಾಂತ ಆಲ್ಕಿಬಿಯಾದೀಸನದು. ಕುಲದಲ್ಲಿ, ರೂಪದಲ್ಲಿ, ಐಶ್ವರ್ಯದಲ್ಲಿ ಅಥೆನ್ಸಿಗೇ ಮೊದಲಿಗನಾಗಿದ್ದ ಈ ತರುಣನಿಗೆ, ನೀನು ಮನುಷ್ಯನೆನ್ನಿಸಿಕೊಳ್ಳಲು ತಕ್ಕವನಲ್ಲ, ಮೂಟೆ ಹೊರುವ ಆಳಿಗೂ ನಿನಗೂ ಭೇದವಿಲ್ಲ ಎಂದು ಸಾಕ್ರೆಟೀಸನು ಮನಗಾಣಿಸಿದಾಗ, ಅವನು ಕಣ್ಣೀರು ಸುರಿಸುತ್ತ, ನನಗೆ ಸದ್ಗುಣವನ್ನು ಕಲಿಸೆಂದು ಬೇಡಿಕೊಂಡನಂತೆ. ಈಗ ಸ್ತೋಯಿಕನು ಅವನನ್ನು ಹೇಗೆ ಸಂತೈಸಬೇಕು? ನೀನು ಯಾವುದಕ್ಕಾಗಿ ಅಳುತ್ತಿರುವೆಯೋ ಅದು ನಿಜವಾಗಿ ಕೇಡಲ್ಲ ಎನ್ನುವುದೇ ಅವನ ಬಳಿಯಿದ್ದ ಮುಖ್ಯ ಔಷಧ. ಮಗನ ಮರಣ ಕೇಡಲ್ಲ, ದಾರಿದ್ರ್ಯ ಕೇಡಲ್ಲ, ದೇಶಭ್ರಷ್ಟತೆ ಕೇಡಲ್ಲ, ಸರಿ. ಆದರೆ ತನ್ನ ದೋಷ ಕೇಡಲ್ಲವೆಂದು ಹೇಳುವ ಹಾಗಿಲ್ಲ, ಏಕೆಂದರೆ ಸ್ತೋಯಿಕನ ಸ್ವಂತ ಸಿದ್ಧಾಂತದ ಪ್ರಕಾರವೇ ಪ್ರಪಂಚದಲ್ಲಿರತಕ್ಕ ಏಕಮಾತ್ರ ಕೇಡು ಅದು. ಆಲ್ಕಿಬಿಯಾದೀಸನ ಕಣ್ಣೀರಿನಲ್ಲಿ ತಪ್ಪೆಣಿಕೆಯೇನೂ ಇರಲಿಲ್ಲ. ತನ್ನ ಅವಗುಣಕ್ಕಾಗಿ ಅಳುವವನಿಗೆ ಹೇಳಲು ಆ ಮಹಾದರ್ಶನದ ಬಳಿ ಮಾತಿರಲಿಲ್ಲವೆಂಬುದು, ನನ್ನ ಮಟ್ಟಿಗೆ, ಮುಂದಿನ ನಾಲ್ಕು ಶತಮಾನಗಳ ಧಾರ್ಮಿಕ ಚಿಂತನೆಯನ್ನು ತಿಳಿದುಕೊಳ್ಳುವುದಕ್ಕೆ ಒಂದು ಬೀಗದಕೈ.

ಈ ಮಧ್ಯೆ ಲೂಪೆಯು ಇನ್ನೊಂದು ಬಾಗಿಲಿನಿಂದ ಧರ್ಮಗ್ರಂಥಗಳೊಳಕ್ಕೆ ಪ್ರವೇಶಿಸಿತ್ತು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಯೆಹೂದಿ ಪಂಡಿತರು ಮೋಶೆಯ ಗ್ರಂಥಗಳನ್ನು ಹೀಬ್ರೂವಿನಿಂದ ಗ್ರೀಕಿಗೆ ತಂದರಷ್ಟೆ. ಆದಿಕಾಂಡದಲ್ಲಿ ಹಣ್ಣು ತಿಂದ ದಂಪತಿಗಳಿಗೆ ಬಂದ ಶಾಪದಲ್ಲಿ, ಹೆಣ್ಣು ಅನುಭವಿಸಬೇಕಾದ ಪ್ರಸವದ ಯಾತನೆಗೂ, ಗಂಡು ನೆಲವನ್ನುತ್ತು ಅನ್ನ ಕಾಣುವ ಬವಣೆಗೂ ಅವರು ಇದೊಂದೇ ಪದವನ್ನು ಬಳಸಿದರು. ಹೀಗಾಗಿ ಲೂಪೆಯು ಒಬ್ಬಿಬ್ಬರ ಮನೋರೋಗವಾಗಿ ಉಳಿಯದೆ ಮಾನವಕುಲದ ಪಾಲಿಗೆ ಬಂದ ಪಿತ್ರಾರ್ಜಿತವಾಯಿತು. ಆದರೆ ಮೂರೇ ಅಧ್ಯಾಯಗಳ ಮುಂದೆ, ಜಲಪ್ರಳಯಕ್ಕೆ ಮೊದಲು, ಮನುಷ್ಯರ ದುಷ್ಟತನವನ್ನು ಕಂಡ ದೇವರಿಗೆ ಎದೆಯಲ್ಲಿ ನೋವಾಯಿತೆಂದು ಹೀಬ್ರೂ ಮೂಲವು ಅದೇ ಧಾತುವಿನ ಶಬ್ದದಿಂದ ಹೇಳುವಾಗ, ಈ ಪಂಡಿತರ ಲೇಖನಿ ತಡವರಿಸಿತು. ದೇವರು ಆಲೋಚಿಸಿದನು, ಪರ್ಯಾಲೋಚಿಸಿದನು ಎಂದಿಷ್ಟೇ ಬರೆದು ಅವರು ಮುಂದೆ ಸಾಗಿದರು. ಗ್ರೀಕ್ ಓದುಗರ ಎದುರಿನಲ್ಲಿ ದೇವರನ್ನು ದುಃಖಿತನನ್ನಾಗಿ ನಿಲ್ಲಿಸಲು ಅವರಿಗೆ ಮನಸ್ಸು ಬರಲಿಲ್ಲವೆಂದು ತೋರುತ್ತದೆ. ಪ್ರಾಮಾಣಿಕರಾದ ಪಂಡಿತರು ಇಂಥ ಕಡೆ ಮಾಡುವ ಸಣ್ಣ ಸಂಕೋಚಗಳು ಅವರ ಯುಗದ ಮನಸ್ಸನ್ನು ಯಾವ ಪೀಠಿಕೆಗಿಂತಲೂ ಚೆನ್ನಾಗಿ ಬಯಲಿಗಿಡುತ್ತವೆ.

ಸುವಾರ್ತೆಗಳ ಕಾಲಕ್ಕೆ ಈ ಸಂಕೋಚವು ಸಂಕಟವಾಗಿಯೇ ಪರಿಣಮಿಸಿತು. ಗೆತ್ಸೆಮನೆಯ ತೋಟದಲ್ಲಿ, ಹಿಡಿಯಲು ಬರುವವರಿಗಾಗಿ ಕಾದಿರುವ ರಾತ್ರಿ, ಯೇಸು ತನ್ನ ಪ್ರಾಣವು ಸಾಯುವಷ್ಟು ದುಃಖದಿಂದ ಸುತ್ತುವರಿಯಲ್ಪಟ್ಟಿದೆಯೆಂದು ಶಿಷ್ಯರಿಗೆ ಹೇಳಿದನೆಂದು ಮಾರ್ಕನು ಬರೆದಿದ್ದಾನೆ. ಅಲ್ಲಿರುವುದು ಲೂಪೆಯಿಂದಲೇ ಕಟ್ಟಿದ ಶಬ್ದ. ವಿಷದ ಬಟ್ಟಲನ್ನು ಸ್ವಸ್ಥಚಿತ್ತನಾಗಿ ಎತ್ತಿಕೊಂಡ ಸಾಕ್ರೆಟೀಸನ ಕಥೆಯನ್ನು ಬಾಲ್ಯದಿಂದ ಬಲ್ಲ ವಾಚಕರ ಮುಂದೆ ಇದನ್ನು ಇಡುವುದು ಸುಲಭದ ಕೆಲಸವಾಗಿರಲಿಲ್ಲ. ಲೂಕನು ಏನು ಮಾಡಿದನೆಂಬುದನ್ನು ನೋಡಿದರೆ ಅವನ ಜಾಣತನಕ್ಕೂ ಮೃದುತ್ವಕ್ಕೂ ಏಕಕಾಲದಲ್ಲಿ ತಲೆದೂಗಬೇಕೆನಿಸುತ್ತದೆ. ಗುರುವಿನ ಬಾಯಿಂದ ಆ ಮಾತನ್ನು ಅವನು ತೆಗೆದುಬಿಟ್ಟನು. ಆದರೆ ಎಸೆಯಲಿಲ್ಲ, ಶಿಷ್ಯರ ಮೇಲೆ ಹೊರಿಸಿದನು. ಮಾರ್ಕನಲ್ಲಿ ಕಣ್ಣು ಭಾರವಾಗಿ ನಿದ್ದೆಹೋದ ಶಿಷ್ಯರು ಲೂಕನಲ್ಲಿ ದುಃಖದ ದೆಸೆಯಿಂದ ನಿದ್ದೆಹೋಗಿದ್ದಾರೆ. ಅಪವಾದಕ್ಕೆ ಗುರಿಯಾಗಿದ್ದ ನಿದ್ದೆಯು ಅವನ ಒಂದು ಪದದಿಂದ ಕ್ಷಮೆಗೆ ಪಾತ್ರವಾಯಿತು.

ಎರಡನೆಯ ಶತಮಾನದಲ್ಲಿ ಕೆಲ್ಸನೆಂಬ ವಿದ್ವಾಂಸನು, ದೇವರೆನಿಸಿಕೊಂಡವನು ಹಾಗೆ ಗೋಳಾಡಿದ್ದೇಕೆಂದು ಕ್ರೈಸ್ತರನ್ನು ಹಂಗಿಸಿದನು. ಸುಮಾರು ಎಪ್ಪತ್ತು ವರ್ಷಗಳ ಮೇಲೆ ಅವನಿಗೆ ಎಂಟು ಪುಸ್ತಕಗಳಷ್ಟು ಉತ್ತರ ಬರೆದ ಓರಿಗೆನನು ತನ್ನ ಮತ್ತಾಯವ್ಯಾಖ್ಯಾನದಲ್ಲಿ ಈ ಪ್ರಸಂಗಕ್ಕೆ ಬಂದಾಗ, ಮತ್ತಾಯನ ಒಂದು ಕ್ರಿಯಾಪದವನ್ನು ಭದ್ರವಾಗಿ ಹಿಡಿದುಕೊಂಡನು: ಯೇಸು ದುಃಖಿಸಲು ತೊಡಗಿದನೆಂದು ಅಲ್ಲಿದೆ, ದುಃಖಿಸಿದನೆಂದಿಲ್ಲ. ತೊಡಗಿದ್ದು ದೇಹಸ್ವಭಾವದ ಪ್ರಥಮ ಸ್ಪಂದ. ಅದಕ್ಕೆ ಮನಸ್ಸಿನ ಒಪ್ಪಿಗೆ ಬಿದ್ದರೆ ತಾನೇ ವಿಕಾರವಾಗುವುದು? ಸ್ತೋಯಿಕರ ಶಾಸ್ತ್ರದಿಂದಲೇ ಎರವು ತಂದ ಈ ಸೂಕ್ಷ್ಮವನ್ನು ಮುಂದೆ ಲ್ಯಾಟಿನ್ ವ್ಯಾಖ್ಯಾನಕಾರನಾದ ಜೆರೋಮನೂ ಸ್ವೀಕರಿಸಿದನು. ವಾದವೇನೋ ಚಮತ್ಕಾರವಾಗಿದೆ. ಆದರೆ ತೋಟದಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥಿಸಿದವನ ಸಂಕಟವನ್ನು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸಿದ ಸ್ಪಂದವೆಂದು ಒಪ್ಪುವುದಕ್ಕೆ, ಆ ಅಧ್ಯಾಯವನ್ನು ವಾದದ ಹಂಗಿಲ್ಲದೆ ಓದಿದ ನನ್ನಂಥವನಿಂದ ಆಗದು.

ಸ್ತೋಯಿಕರ ಕೋಷ್ಟಕದ ಬರಿದಾದ ಎಡೆಯನ್ನು ತುಂಬಿದವನು ಅಪೊಸ್ತಲನಾದ ಪೌಲ; ಅದನ್ನು ಅವನು ದರ್ಶನ ರಚಿಸುವುದಕ್ಕಾಗಿ ಮಾಡಲಿಲ್ಲ, ಒಂದು ಜಗಳವನ್ನು ತೀರಿಸಿಕೊಳ್ಳುವುದಕ್ಕಾಗಿ ಮಾಡಿದನು. ಕೊರಿಂಥದ ಸಭೆಯವರು ಅವನಿಗೆ ಎದುರುಬಿದ್ದಿದ್ದರು. ಅವನು ಕಣ್ಣೀರಿಡುತ್ತ ಒಂದು ಬಿರುಸಾದ ಕಾಗದವನ್ನು ಬರೆದು ಕಳುಹಿಸಿ, ಅದು ಯಾವ ಪರಿಣಾಮವನ್ನುಂಟುಮಾಡಿತೋ ಎಂದು ತಳಮಳಿಸುತ್ತ ಮಕೆದೋನ್ಯದವರೆಗೆ ಬಂದು, ಅಲ್ಲಿ ತನ್ನ ಜೊತೆಗಾರನಾದ ತೀತನಿಂದ ಅವರು ಪಶ್ಚಾತ್ತಾಪಪಟ್ಟ ಸುದ್ದಿಯನ್ನು ಕೇಳಿ ಹಗುರಾದನು. ಆಗ ಬರೆದ ಓಲೆಯಲ್ಲಿ ಅವನ ಮನಸ್ಸು ಹಿಂದೆ ಮುಂದೆ ತೂಗಾಡುವುದನ್ನು ಕಾಣಬಹುದು: ನಿಮ್ಮನ್ನು ನೋಯಿಸಿದ್ದಕ್ಕೆ ನನಗೆ ವ್ಯಥೆಯಿಲ್ಲ, ಮೊದಲು ವ್ಯಥೆಯಾಗಿತ್ತು, ನಿಜ, ಆದರೆ ಆ ನೋವು ನಿಮ್ಮನ್ನು ತಿರುಗಿಸಿತಲ್ಲ, ಆದಕಾರಣ ಈಗ ಸಂತೋಷಪಡುತ್ತೇನೆ, ಎಂಬ ಧಾಟಿ. ಈ ತೂಗಾಟದ ನಡುವೆಯೇ ಆ ಭೇದವು ಹೊರಟಿತು. ದೇವರ ಕಡೆಗೆ ಮೊಗ ಮಾಡಿದ ಲೂಪೆಯೊಂದು, ಅದು ಉಳಿಸುತ್ತದೆ. ಲೋಕದ ಲೂಪೆಯೊಂದು, ಅದು ಕೊಲ್ಲುತ್ತದೆ. ಆಲ್ಕಿಬಿಯಾದೀಸನಿಗೆ ಕೊನೆಗೂ ಒಂದು ಉತ್ತರ ಸಿಕ್ಕಿತು: ಅಳು, ತಪ್ಪಲ್ಲ. ದುಃಖದ ಯೋಗ್ಯತೆಯನ್ನು ಅದರ ತೀವ್ರತೆಯಿಂದ ಅಳೆಯದೆ, ಅದು ಮನುಷ್ಯನನ್ನು ಎತ್ತ ಕೊಂಡೊಯ್ಯುತ್ತದೆಂಬುದರಿಂದ ಅಳೆಯಬೇಕೆಂಬುದು ಇಲ್ಲಿಯ ಹೊಸ ಮಾತು. ಸುವಾರ್ತೆಯ ಆಸ್ತಿವಂತನೂ ದುಃಖಿತನೇ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎನ್ನಿಸಿಕೊಂಡಾಗ ಅವನು ಮೋರೆ ಬಾಡಿಸಿಕೊಂಡು ಮನೆಯ ದಾರಿ ಹಿಡಿದನು.

ಸಿದ್ಧಾಂತವು ಹೀಗೆ ಎರಡು ಹೋಳಾಗಿ ಸುಲಭವಾಯಿತು; ಬದುಕಿನಲ್ಲಿ ಹಾಗಿರುವುದಿಲ್ಲವೆಂಬುದನ್ನು ಬಲ್ಲವನು ಹರ್ಮಾಸ. ಎರಡನೆಯ ಶತಮಾನದ ರೋಮ್ ನಗರದಲ್ಲಿದ್ದ ಈ ಗೃಹಸ್ಥ, ಒಂದು ಕಾಲಕ್ಕೆ ದಾಸನಾಗಿದ್ದು ಬಿಡುಗಡೆ ಹೊಂದಿದವನು. ‘ಕುರುಬ’ ಎಂಬ ಅವನ ಗ್ರಂಥದಲ್ಲಿ ಕುರಿಗಾಹಿಯ ವೇಷದ ದೇವದೂತನೊಬ್ಬ ಅವನಿಗೆ ಹನ್ನೆರಡು ಆಜ್ಞೆಗಳನ್ನು ಕೊಡುತ್ತಾನೆ. ಹತ್ತನೆಯ ಆಜ್ಞೆ ಲೂಪೆಯನ್ನು ಬಿಡೆಂಬುದು. ಅದು ಸಂಶಯಕ್ಕೂ ಸಿಡುಕಿಗೂ ಒಡಹುಟ್ಟು, ದುಷ್ಟ ಭಾವಗಳಲ್ಲೆಲ್ಲ ಅತಿದುಷ್ಟ, ಮನುಷ್ಯನಲ್ಲಿ ನೆಲಸಿರುವ ಪವಿತ್ರಾತ್ಮನನ್ನು ಅದು ಸವೆಸಿಹಾಕುತ್ತದೆ, ಆದರೂ ಅದು ಉಳಿಸುವುದೂ ಉಂಟು ಎಂದು ದೂತನು ಒಂದೇ ಉಸಿರಿಗೆ ಹೇಳಿದಾಗ, ಸ್ವಾಮಿ, ನನಗೆ ಬುದ್ಧಿ ಸಾಲದು, ಕೊಲ್ಲುವುದೇ ಉಳಿಸುವುದು ಹೇಗೆ ಎಂದು ಹರ್ಮಾಸನು ಕೇಳುತ್ತಾನೆ. ದೂತನ ವಿವರಣೆ ತರ್ಕಶಾಸ್ತ್ರಿಗೆ ಒಪ್ಪಿಗೆಯಾಗದು. ಇಬ್ಬಗೆಯ ಮನಸ್ಸಿನವನು ಹಿಡಿದ ಕೆಲಸ ಕೈಗೂಡದೆ ಕುಗ್ಗುತ್ತಾನೆ. ಸಿಡುಕನು ಕೆಟ್ಟದ್ದೇನನ್ನೋ ಮಾಡಿ ಆಮೇಲೆ ಮರುಗುತ್ತಾನೆ. ಎರಡನೆಯ ಮರುಕದಲ್ಲಿ ಉದ್ಧಾರದ ದಾರಿಯಿರುವಂತೆ ಕಂಡರೂ ಎರಡೂ ಪವಿತ್ರಾತ್ಮನನ್ನು ನೋಯಿಸುವಂಥವೇ. ನೋಯಿಸುವುದು ಎಂಬಲ್ಲಿ ಇರುವುದೂ ಲೂಪೆಯ ಧಾತುವೇ. ಮನುಷ್ಯನ ದುಃಖದಿಂದ ದೇವರ ಆತ್ಮಕ್ಕೆ ದುಃಖವಾಗುತ್ತದೆಂಬ ಈ ಮಾತು, ಅಲೆಗ್ಸಾಂಡ್ರಿಯದವರು ಹಿಂದೆ ಎಷ್ಟು ಎಚ್ಚರದಿಂದ ಮುಚ್ಚಿದ್ದ ಬಾಗಿಲನ್ನು ಎಷ್ಟು ನಿಸ್ಸಂಕೋಚವಾಗಿ ತೆರೆಯಿತು! ಖಿನ್ನನ ಪ್ರಾರ್ಥನೆಗೆ ವೇದಿಕೆಯವರೆಗೆ ಏರುವ ಶಕ್ತಿಯಿಲ್ಲ, ದ್ರಾಕ್ಷಾರಸಕ್ಕೆ ಹುಳಿಗಾಡಿ ಬೆರೆತರೆ ಮೊದಲಿನ ರುಚಿ ಉಳಿಯುವುದೇ ಎಂದು ದೂತನು ಕೇಳುವಲ್ಲಿ, ರೋಮಿನ ಅಂಗಡಿಬೀದಿಯ ಅನುಭವವೇ ಮಾತಾಡುತ್ತದೆ. ಹರ್ಮಾಸನ ವಾದ ಗೋಜಲಾಗಿದೆಯೆಂದು ಪಂಡಿತರು ದೂರುವುದುಂಟು. ನಿಜ. ದುಃಖವು ಅನುಭವದಲ್ಲಿ ಬರುವುದೂ ಹಾಗೆಯೇ, ಒಳ್ಳೆಯದು ಕೆಟ್ಟದ್ದೆಂದು ಹಣೆಯಲ್ಲಿ ಬರೆದುಕೊಂಡು ಬರುವುದಿಲ್ಲ.

ಅದೇ ಶತಮಾನದ ವಲೆಂತೀನನ ಅನುಯಾಯಿಗಳಾದರೋ ಲೂಪೆಯನ್ನು ಸೃಷ್ಟಿಗೇ ಕಾರಣವನ್ನಾಗಿ ಮಾಡಿದರು. ದಿವ್ಯಲೋಕದಿಂದ ಚ್ಯುತಳಾದ ಜ್ಞಾನದೇವತೆಯ ದುಃಖ, ಭಯ, ದಿಗ್ಭ್ರಾಂತಿಗಳೇ ಗಟ್ಟಿಯಾಗಿ ಈ ಜಡಪ್ರಪಂಚವಾಯಿತೆಂದೂ, ಅವಳ ಕಣ್ಣೀರಿನಿಂದ ನೀರು ಹುಟ್ಟಿತೆಂದೂ ಅವರ ಪುರಾಣ. ಇದನ್ನು ಖಂಡಿಸಲು ಕುಳಿತ ಲಿಯೋನಿನ ಬಿಷಪ್ ಐರಿನೇಯನು, ಕಣ್ಣೀರು ಉಪ್ಪಲ್ಲವೇ, ಹಾಗಾದರೆ ಸಮುದ್ರವೇನೋ ಅದರಿಂದ ಆಯಿತೆನ್ನೋಣ, ಹೊಳೆ ಬಾವಿಗಳ ಸಿಹಿನೀರು ಎಲ್ಲಿಂದ ಬಂತು, ಪ್ರಾಯಶಃ ಅವಳ ಬೆವರಿನಿಂದ ಬಂದಿರಬೇಕು, ಎಂದು ಪರಿಹಾಸ್ಯಮಾಡುತ್ತಾನೆ. ಬೆವರೂ ಉಪ್ಪೆಂಬುದು ಆ ಕ್ಷಣದಲ್ಲಿ ಅವನಿಗೆ ಹೊಳೆಯಲಿಲ್ಲವೋ ಏನೋ. ಮತಖಂಡನೆಯ ಭರದಲ್ಲಿ ಇಂಥವು ನಡೆದುಹೋಗುತ್ತವೆ.

ಲೂಪೆಯ ನಡೆಯನ್ನು ನಿಜವಾಗಿ ಹತ್ತಿರದಿಂದ ನೋಡಿದವರು ಈಜಿಪ್ಟಿನ ಮರುಭೂಮಿಯ ತಪಸ್ವಿಗಳು. ಅವರೊಳಗೆ ಎವಾಗ್ರಿಯನನ್ನು ಮೀರಿಸಿದ ಮನೋವಿಶ್ಲೇಷಕನಿಲ್ಲ. ಪೋಂತ ಪ್ರಾಂತದವನು; ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ವಾಗ್ಮಿಯೆಂದು ಹೆಸರಾಗಿ, ವಿವಾಹಿತ ಸ್ತ್ರೀಯೊಬ್ಬಳ ಮೋಹದಲ್ಲಿ ಸಿಲುಕಿ, ಅಲ್ಲಿಂದ ಜೆರೂಸಲೇಮಿಗೆ ಓಡಿ, ಕಡೆಗೆ ನೈಲ್ ನದೀಮುಖದ ಪಶ್ಚಿಮಕ್ಕಿರುವ ಕೆಲ್ಲಿಯಾದ ಗುಡಿಸಲುಗಳಲ್ಲಿ ನೆಲಸಿ, ಪುಸ್ತಕಗಳನ್ನು ಪ್ರತಿಮಾಡಿ ರೊಟ್ಟಿ ಸಂಪಾದಿಸುತ್ತ 399ರಲ್ಲಿ ತೀರಿಕೊಂಡವನು. ಸಾಧಕನನ್ನು ಕಾಡುವ ಎಂಟು ದುಶ್ಚಿಂತೆಗಳನ್ನು ಅವನು ಎಣಿಸಿದ್ದಾನೆ. ಅವುಗಳಲ್ಲಿ ಲೂಪೆಯೂ ಒಂದು. ಅದು ಬರುವ ಕ್ರಮವನ್ನು ಅವನು ಹೀಗೆ ಗುರುತಿಸುತ್ತಾನೆ: ಮೊದಲು ಬರುವುದು ದುಃಖವಲ್ಲ, ಸವಿಯಾದ ನೆನಪು. ಬಿಟ್ಟುಬಂದ ಮನೆ, ತಂದೆತಾಯಿ, ಹಿಂದಿನ ನಡೆನುಡಿ ಕಣ್ಣಮುಂದೆ ಕಟ್ಟುತ್ತವೆ. ಮನಸ್ಸು ಎದುರಾಡದೆ ಅವುಗಳ ಬೆನ್ನುಹತ್ತಿ ಹೋಗಿ ಒಳಗೊಳಗೇ ಸುಖಿಸುತ್ತದೆ. ಹಾಗೆ ಅದು ಮೈಮರೆತಿರುವಾಗ, ಅವೆಲ್ಲ ಈಗ ಇಲ್ಲ, ಇನ್ನು ಆಗುವಂತೆಯೂ ಇಲ್ಲವೆಂಬ ಅರಿವು ಬಂದೆರಗಿ ಅದನ್ನು ಕೆಡವುತ್ತದೆ. ಎಷ್ಟು ಉದ್ದವಾಗಿ ಸುಖಿಸಿತ್ತೋ ಅಷ್ಟು ಆಳಕ್ಕೆ ಬೀಳುತ್ತದೆ. ಆದಕಾರಣ ದುಃಖವೆಂದರೆ ಸುಖದ ಅಭಾವವೇ, ಸುಖವನ್ನು ಬಿಟ್ಟವನ ಹತ್ತಿರ ಅದು ಸುಳಿಯದು, ಎಂದು ಅವನ ತೀರ್ಮಾನ. ಲಕ್ಷಣವನ್ನು ಒಪ್ಪುತ್ತೇನೆ, ತೀರ್ಮಾನದ ವಿಷಯದಲ್ಲಿ ನನಗೆ ಸಂದೇಹ. ತಾಯಿಯನ್ನು ನೆನೆದು ಕೊರಗುವವನಿಗೆ ಇಲ್ಲವಾದದ್ದು ಸುಖವೋ, ತಾಯಿಯೋ?

ಅದೇ ಮರುಭೂಮಿಯಲ್ಲಿ ಇನ್ನೊಂದು ಬಗೆಯ ಕಣ್ಣೀರಿಗೆ ಮರ್ಯಾದೆಯಿತ್ತು. ಅದಕ್ಕೆ ಪೆಂಥೋಸ್ ಎಂದು ಬೇರೆ ಹೆಸರು, ಸತ್ತವರಿಗಾಗಿ ಆಚರಿಸುವ ಶೋಕದಿಂದ ತೆಗೆದುಕೊಂಡ ಹೆಸರು. ಚಕ್ರವರ್ತಿಯ ಮಕ್ಕಳಿಗೆ ಗುರುವಾಗಿದ್ದು ಎಲ್ಲವನ್ನೂ ತೊರೆದು ಬಂದ ಆರ್ಸೇನಿಯನು ಖರ್ಜೂರದ ಗರಿ ಹೆಣೆಯಲು ಕುಳಿತಾಗ, ಕಣ್ಣಿಂದ ಉದುರುವ ನೀರಿಗಾಗಿ ಒಂದು ಚಿಂದಿಬಟ್ಟೆಯನ್ನು ಎದೆಯ ಮೇಲೆ ಇಟ್ಟುಕೊಂಡಿರುತ್ತಿದ್ದನಂತೆ. ಗರಿ ನೆನೆಹಾಕಿದ ನೀರನ್ನು ಅವನು ವರ್ಷಕ್ಕೊಮ್ಮೆ ಮಾತ್ರ ಬದಲಿಸುತ್ತಿದ್ದನು; ಅದರ ನಾತವನ್ನು ಕುರಿತು ಕೇಳಿದವರಿಗೆ, ಹಿಂದೆ ಪೂಸಿಕೊಂಡ ಸುಗಂಧಗಳಿಗೆ ಇದು ಬದಲೆಂದು ಹೇಳಿದನು. ಸಿಂಕ್ಲೆತಿಕೆ ಎಂಬ ತಾಯಿ ಇವೆರಡನ್ನೂ ಬಿಡಿಸಿ ಹೇಳಿದಳು: ತನ್ನ ತಪ್ಪಿಗಾಗಿ ಮತ್ತು ನೆರೆಯವರ ದೌರ್ಬಲ್ಯಕ್ಕಾಗಿ ಮರುಗುವ ದುಃಖ ಬೇಕಾದದ್ದು, ಕಾರಣವಿಲ್ಲದೆ ಕವಿಯುವ ದುಃಖ ಶತ್ರುವಿನಿಂದ ಬಂದದ್ದು, ಅದನ್ನು ಪ್ರಾರ್ಥನೆಯಿಂದಲೂ ಕೀರ್ತನೆಯಿಂದಲೂ ಓಡಿಸಬೇಕು. ಏಳನೆಯ ಶತಮಾನದ ಸೀನಾಯ್ ಬೆಟ್ಟದ ಯೋಹಾನನು ತನ್ನ ‘ಏಣಿ’ಯ ಏಳನೆಯ ಮೆಟ್ಟಿಲನ್ನು ಆನಂದವನ್ನುಂಟುಮಾಡುವ ಶೋಕಕ್ಕೆಂದೇ ಮೀಸಲಿಟ್ಟನು. ಲ್ಯಾಟಿನ್ ಜಗತ್ತಿನಲ್ಲಿ ಕಥೆ ಬೇರೆಯಾಯಿತು. ಕಾಸ್ಸಿಯನನೆಂಬ ತಪಸ್ವಿಯು ಎವಾಗ್ರಿಯನ ಎಂಟು ದುಶ್ಚಿಂತೆಗಳನ್ನೂ ಗಾಲ್ ದೇಶಕ್ಕೆ ಕೊಂಡೊಯ್ದನಾದರೂ, ಮುಂದೆ ಪಟ್ಟಿಯು ಏಳು ಮಹಾಪಾಪಗಳಾಗಿ ಸಂಕೋಚಗೊಂಡ ಮೇಲೆ ದುಃಖವು ಕ್ರಮೇಣ ಆಲಸ್ಯದೊಡನೆ ಬೆರೆತು ತನ್ನ ಹೆಸರನ್ನೇ ಕಳೆದುಕೊಂಡಿತು.

ಈ ವಿಭಾಗಗಳೆಲ್ಲ ಒಂದು ಕಡೆ ಸೋಲುತ್ತವೆ: ಸತ್ತವರಿಗಾಗಿ ಅಳುವ ಅಳುವಿನ ಬಳಿ. ಅದು ಪಾಪಕ್ಕಾಗಿ ಹುಟ್ಟಿದ ಪಶ್ಚಾತ್ತಾಪವಲ್ಲ, ಹೋದ ಹಣಕ್ಕಾಗಿ ಹುಟ್ಟಿದ ಲೌಕಿಕ ಸಂಕಟವೂ ಅಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರೆಂದು ಪೌಲನು ಥೆಸಲೋನಿಕದವರಿಗೆ ಬರೆದನಲ್ಲ. ದುಃಖಿಸಲೇಬೇಡಿರೆಂದೋ, ಬೇರೆ ವಿಧವಾಗಿ ದುಃಖಿಸಿರೆಂದೋ? ಈ ಪ್ರಶ್ನೆಯನ್ನು ಕಪ್ಪದೋಕ್ಯದ ಒಂದು ಮನೆತನವು ತನ್ನ ಮೈಮೇಲೆ ಹಾಕಿಕೊಂಡು ಅನುಭವಿಸಿತು. ಬೇಟೆಗೆ ಹೋದ ಮಗ ನೌಕ್ರಾತಿಯನು ಹೆಣವಾಗಿ ಬಂದ ಸುದ್ದಿ ಕೇಳಿ ತಾಯಿ ಎಮ್ಮೇಲಿಯಾ ಮಾತು ನಿಂತು ಕುಸಿದಾಗ, ಅವಳನ್ನು ಹಿಡಿದೆತ್ತಿದವಳು ಹಿರಿಯ ಮಗಳು ಮಕ್ರೀನಾ. ವರ್ಷಗಳ ಮೇಲೆ ಮತ್ತೊಬ್ಬ ತಮ್ಮನಾದ ಬಾಸಿಲನು ತೀರಿಕೊಂಡಾಗ, ಅವನ ತಮ್ಮ ನಿಸ್ಸದ ಗ್ರೆಗರಿ ಅಕ್ಕನೊಡನೆ ಅತ್ತು ಹಗುರಾಗಬೇಕೆಂದು ಪೋಂತದ ಅನ್ನೀಸಕ್ಕೆ ಬಂದರೆ, ಅಲ್ಲಿ ಅವಳೇ ಮರಣಶಯ್ಯೆಯಲ್ಲಿದ್ದಳು. ಅವನು ಒಂದಿಷ್ಟು ಹೊತ್ತು ಅಳಲೆಂದು ಅವಳು ಬಿಟ್ಟಳು. ಆಮೇಲೆ ಪೌಲನ ಆ ಮಾತನ್ನೇ ಎತ್ತಿಕೊಂಡು ಆತ್ಮದ ಅಮರತ್ವವನ್ನು ಕುರಿತು ವಾದಕ್ಕೆ ಆರಂಭಿಸಿದಳು. ಗ್ರೆಗರಿ ಪೂರ್ವಪಕ್ಷವನ್ನು ಹಿಡಿದನು, ಅಕ್ಕ ಸಿದ್ಧಾಂತವನ್ನು ಹೇಳಿದಳು. ಆ ಸಂವಾದವನ್ನು ಅವನು ಪ್ಲೇಟೋವಿನ ಮಾದರಿಯಲ್ಲಿ ಗ್ರಂಥವಾಗಿ ಬರೆದನು. ಅದರಲ್ಲಿ ದುಃಖಕ್ಕೆ ಸಮಾಧಾನವು ಸಂಪೂರ್ಣವಾಗಿ ದೊರಕುತ್ತದೆ.

ಆದರೆ ಅದೇ ಗ್ರೆಗರಿ ಅಕ್ಕನ ಜೀವನಚರಿತ್ರೆಯನ್ನೂ ಬರೆದಿದ್ದಾನೆ. ಅವಳು ಕಣ್ಣು ಮುಚ್ಚಿದೊಡನೆ, ಅಲ್ಲಿಯವರೆಗೆ ಅವಳಿಗೆ ಅಂಜಿ ಅಳುವನ್ನು ನುಂಗಿಕೊಂಡಿದ್ದ ಕನ್ಯಾಸ್ತ್ರೀಯರು ಒಮ್ಮೆಗೇ ಗೋಳಿಟ್ಟುದನ್ನೂ, ತನ್ನ ವಿವೇಕವೂ ಆ ಪ್ರವಾಹದಲ್ಲಿ ಮುಳುಗಿದುದನ್ನೂ, ಕಡೆಗೆ ತಾನು ಅವಳ ಮುಖವನ್ನು ನೋಡಿ ಎಚ್ಚೆತ್ತು, ಅಳುವನ್ನು ಕೀರ್ತನೆಗೆ ತಿರುಗಿಸಿರೆಂದು ಕೂಗಿ ಹೇಳಿದುದನ್ನೂ ಅವನು ಮುಚ್ಚಿಡಲಿಲ್ಲ. ಮರುದಿನ ಹುತಾತ್ಮರ ಗುಡಿಯವರೆಗಿನ ಏಳೆಂಟು ಸ್ತಾದಿಯ ದಾರಿ, ಒಂದು ಹರಿದಾರಿಯೂ ಇಲ್ಲದ ದಾರಿ, ಜನಸಂದಣಿಯಿಂದಾಗಿ ಹೆಚ್ಚುಕಡಿಮೆ ಇಡೀ ಹಗಲನ್ನು ತೆಗೆದುಕೊಂಡಿತು. ಗುಡಿಯಲ್ಲಿ ಪ್ರಾರ್ಥನೆಗೆ ಅಣಿಯಾಗುತ್ತಿರುವಾಗ, ಇನ್ನು ಮೇಲೆ ಈ ಮುಖವನ್ನು ಕಾಣೆವಲ್ಲಾ ಎಂದು ಕನ್ಯೆಯೊಬ್ಬಳು ಚೀರಿದಳು. ಉಳಿದವರೂ ಅದನ್ನೇ ಚೀರಿದರು. ಕ್ರಮವಾಗಿ ನಡೆದಿದ್ದ ಕೀರ್ತನೆ ಚೆದರಿ ಗದ್ದಲವಾಯಿತು. ಮೌನವಾಗಿರಿ ಎಂದು ಗ್ರೆಗರಿ ಸನ್ನೆಮಾಡಿದ ಮೇಲೆ ಬಹಳ ಪ್ರಯಾಸದಿಂದ ಪ್ರಾರ್ಥನೆ ನಡೆಯಿತು. ಅಮರತ್ವದ ವಾದವನ್ನು ಸಾಂಗವಾಗಿ ಬರೆದವನು ಈ ಗದ್ದಲವನ್ನೂ ಬಿಡದೆ ಬರೆದನು. ಇದು ಪೌಲನು ಹೇಳಿದ ಎರಡು ಲೂಪೆಗಳಲ್ಲಿ ಯಾವುದೆಂದು ಮಾತ್ರ ಎಲ್ಲಿಯೂ ಕೇಳಿಕೊಳ್ಳಲಿಲ್ಲ. ಸಂವಾದಕ್ಕಿಂತ ಚರಿತ್ರೆಯೇ ಹೆಚ್ಚು ನಂಬಿಕೆಗೆ ಅರ್ಹವೆಂದು ನನಗೆ ತೋರುವುದು ಈ ಕಾರಣದಿಂದ.